ಹಿರಿಯರ ಮನೆಯನ್ನು ಗ್ರಂಥಾಲಯ ಮಾಡುವ ಮುನ್ನ

ಪ್ರಶ್ನೆ: ಕಾಸರಗೋಡಿನ ನೀರ್ಚಾಲು ಸಮೀಪ ನಮ್ಮ ಹಿರಿಯರ ಮನೆಯಿದೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಎದುರಿಗೆ ಚಾವಡಿ, ಹಿಂದೆ ಗುಡ್ಡ. ನಾನೂರು ವರ್ಷ ಹಳೆಯದೆಂದು ಮನೆಯವರು ಹೇಳುತ್ತಾರೆ. ಈಗ ಅಲ್ಲಿ ಯಾರೂ ವಾಸವಿಲ್ಲ. ಮುಂಭಾಗವನ್ನು ಊರಿನ ಗ್ರಂಥಾಲಯಕ್ಕೂ ತಾಳಮದ್ದಳೆ ಕೂಟಕ್ಕೂ ಬಿಟ್ಟುಕೊಟ್ಟು, ಹಿಂಭಾಗದಲ್ಲಿ ಎರಡು ಕೋಣೆಗಳ ಹೋಂಸ್ಟೇ ನಡೆಸಬೇಕೆಂದಿದ್ದೇವೆ. ಒಬ್ಬ ಇಂಜಿನಿಯರು ಕೆಡವಿ ಕಾಂಕ್ರೀಟಿನಲ್ಲಿ ಕಟ್ಟಿ ಎನ್ನುತ್ತಾರೆ. ಇನ್ನೊಬ್ಬರು ‘ಹೆರಿಟೇಜ್ ಲುಕ್’ ಕೊಡುತ್ತೇನೆ ಎನ್ನುತ್ತಾರೆ. ಮೊದಲು ಮನೆಯ ಚರಿತ್ರೆ ಬರೆಸಿ ಎಂಬುದು ಸ್ನೇಹಿತರೊಬ್ಬರ ಸಲಹೆ. ಚರಿತ್ರೆಯಿಂದ ಕಟ್ಟಡದ ಕೆಲಸಕ್ಕೆ ನಿಜವಾಗಿ ಏನು ಪ್ರಯೋಜನ? ನೀರಿಗಾಗಿ ಗುಡ್ಡಕ್ಕೆ ಕೊರೆದ ಹಿತ್ತಿಲಿನ ಸುರಂಗವನ್ನು ಮುಚ್ಚಿಬಿಡಬಹುದೇ?

ಉತ್ತರ: ನಿಮ್ಮ ಸ್ನೇಹಿತರ ಸಲಹೆ ಸರಿಯಾಗಿದೆ. ಆದರೆ ಅವರು ಹೇಳಿದ ಚರಿತ್ರೆ ವಂಶಾವಳಿಯ ಪುಸ್ತಕವಾಗಬಾರದು. ನಕ್ಷೆ ಬರೆಯುವವರಿಗೆ ಬೇಕಾದದ್ದು ಯಾವ ಗೋಡೆ ಯಾವುದರ ನಂತರ ಎದ್ದಿತು, ಅದನ್ನು ಯಾತಕ್ಕಾಗಿ ಎಬ್ಬಿಸಿದರು, ಆ ಕಾರಣ ಇಂದಿಗೂ ಉಳಿದಿದೆಯೇ ಎಂಬ ಮೂರು ಸಂಗತಿಗಳು. ಇವು ತಿಳಿದಾಗ ಉಳಿಸಬೇಕಾದದ್ದು, ತೆಗೆಯಬಹುದಾದದ್ದು, ಹೊಸದಾಗಿ ಸೇರಿಸಬೇಕಾದದ್ದು ಹೆಚ್ಚುಕಡಿಮೆ ತಾವಾಗಿಯೇ ಬೇರ್ಪಡುತ್ತವೆ. ಕೆಡವಿ ಎಂದವರು ಮತ್ತು ‘ಲುಕ್’ ಕೊಡುತ್ತೇನೆ ಎಂದವರು ಬೇರೆ ಬೇರೆ ಮಾತು ಹೇಳಿದಂತೆ ಕಂಡರೂ, ಮನೆಯನ್ನು ಓದುವ ಮೊದಲೇ ಅದರ ಬಗ್ಗೆ ತೀರ್ಮಾನ ಮಾಡಿದ್ದಾರೆ ಎಂಬಲ್ಲಿ ಇಬ್ಬರೂ ಒಂದೇ.

ಮೊದಲು ನಾನೂರು ವರ್ಷದ ಮಾತು. ನಮ್ಮ ಕಡೆಯ ಬಹುತೇಕ ಮನೆಗಳ ವಿಷಯದಲ್ಲಿ ಈ ಲೆಕ್ಕ ನೆಲಕ್ಕೆ, ಮನೆಯ ದೈವಕ್ಕೆ ಅಥವಾ ಕುಟುಂಬದ ಹೆಸರಿಗೆ ಸಲ್ಲಬಹುದೇ ಹೊರತು ಈಗ ನಿಂತಿರುವ ಗೋಡೆಗೆ ಸಲ್ಲುವುದು ಅಪರೂಪ. ಒಂದೇ ಪಂಚಾಂಗದ (ಅಡಿಪಾಯದ) ಮೇಲೆ ಹಲವು ಸಲ ಮನೆ ಎದ್ದಿರುತ್ತದೆ. ಇದನ್ನು ಹೇಳಿದರೆ ಮನೆಯ ಹಿರಿಯರಿಗೆ ಬೇಸರವಾಗಬಹುದು. ಆದರೆ ಮನೆ ನೂರ ಇಪ್ಪತ್ತು ವರ್ಷದ್ದೇ ಆಗಿದ್ದರೂ ಅದರ ಬೆಲೆ ಕಡಿಮೆಯಾಗುವುದಿಲ್ಲ. ಬದಲಿಗೆ ದುರಸ್ತಿಗೆ ಬೇಕಾದ ನಿಖರ ಮಾಹಿತಿ ಸಿಗುತ್ತದೆ.

ಕಾಲವನ್ನು ತಿಳಿಯಲು ಮಾಡಿನಿಂದಲೇ ಆರಂಭಿಸಿ. ಮಂಗಳೂರು ಹಂಚಿನ ಕಥೆ ಶುರುವಾಗುವುದು 1865ರಲ್ಲಿ, ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಾಗ. ಅದಕ್ಕಿಂತ ಹಿಂದೆ ಇಲ್ಲಿನ ಹೆಚ್ಚಿನ ಮನೆಗಳಿಗೆ ಮುಳಿಹುಲ್ಲಿನ ಅಥವಾ ತೆಂಗಿನ ಮಡಲಿನ ಹೊದಿಕೆಯಿತ್ತು. ಕಣ್ಣೂರಿನಿಂದ ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ; ಅಲ್ಲಿಯವರೆಗೆ ಹಂಚಿನಂಥ ಭಾರದ ಸರಕಿಗೆ ಜಲಮಾರ್ಗವೇ ಸುಲಭದ ದಾರಿಯಾಗಿತ್ತು. ಆದ್ದರಿಂದ ಒಳನಾಡಿನ ಸಾಧಾರಣ ಮನೆಗಳು ಹಂಚನ್ನು ಕಂಡದ್ದು ಸಾಮಾನ್ಯವಾಗಿ ಕರಾವಳಿಯ ಪೇಟೆಗಳಿಗಿಂತ ತಡವಾಗಿಯೇ ಎಂದು ಊಹಿಸಬಹುದು.

ನಾಲ್ಕಾರು ಕಡೆಯಿಂದ ಒಂದೊಂದು ಹಂಚನ್ನು ಇಳಿಸಿ, ಅಡಿಭಾಗದ ಅಚ್ಚನ್ನು ತೊಳೆದು ಓದಿ. ಇಲ್ಲೊಂದು ಎಚ್ಚರಿಕೆ ಅಗತ್ಯ. ಕೆಲವು ಹಂಚುಗಳ ಮೇಲೆ 1865 ಎಂದೇ ಇರುತ್ತದೆ. ಅದನ್ನು ಕಂಡವರು ಮನೆಗೆ ನೂರ ಅರುವತ್ತು ವರ್ಷವೆಂದು ಖುಷಿಪಡುತ್ತಾರೆ. ಅದು ಕಾರ್ಖಾನೆ ಸ್ಥಾಪನೆಯಾದ ವರ್ಷವೇ ಹೊರತು ಹಂಚು ಸುಟ್ಟ ವರ್ಷವಲ್ಲ. ಒಂದನೇ ಮಹಾಯುದ್ಧದ ಸಂದರ್ಭದಲ್ಲಿ ಬಾಸೆಲ್ ಮಿಶನ್ನಿನ ಉದ್ಯಮಗಳನ್ನು ಬ್ರಿಟಿಷ್ ಸರಕಾರ ವಶಪಡಿಸಿಕೊಂಡು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಹಾಗಾಗಿ ಕಾಮನ್‌ವೆಲ್ತ್ ಎಂಬ ಅಚ್ಚಿದ್ದರೆ ಆ ಹಂಚು ಯುದ್ಧಾನಂತರದ್ದು ಎಂದು ಖಚಿತವಾಗಿ ಹೇಳಬಹುದು. ಹಂಚು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ವಸ್ತುವೆಂಬುದನ್ನೂ ಮರೆಯಬಾರದು. ಕೊಟ್ಟಿಗೆ ಬಿಚ್ಚಿದಾಗ ಉಳಿದ ಹಂಚು ಚಾವಡಿಗೆ ಏರುವುದು ಎಲ್ಲ ಊರಿನ ರೂಢಿ. ಆದ್ದರಿಂದ ಒಂದು ಹಂಚನ್ನು ನಂಬದೆ, ಒಂದು ಪಾರ್ಶ್ವದ ಹೆಚ್ಚಿನ ಹಂಚುಗಳು ಏನು ಹೇಳುತ್ತವೆ ಎಂದು ನೋಡಬೇಕು.

ಹಂಚಿನ ಕೆಳಗಿನ ಮರವೂ ಮಾತಾಡುತ್ತದೆ. ಮಂಗಳೂರು ಹಂಚಿಗೆ ಸುಮಾರು ಒಂದಡಿಗೊಂದರಂತೆ ರೀಪು (ಹಂಚು ಕೂರುವ ಅಡ್ಡಪಟ್ಟಿ) ಬೇಕು, ಆ ರೀಪನ್ನು ಮೊಳೆಯಿಂದ ಪಕ್ಕಾಸಿಗೆ, ಅಂದರೆ ಮಾಡಿನ ಇಳಿಜಾರಿನ ಮರಕ್ಕೆ, ಹೊಡೆದಿರುತ್ತಾರೆ. ಹುಲ್ಲಿನ ಮಾಡಿಗೆ ಬಿದಿರಿನ ಅಥವಾ ಅಡಿಕೆಮರದ ಸಲಾಕೆಗಳನ್ನು ಹಗ್ಗದಿಂದ ಕಟ್ಟುತ್ತಿದ್ದರು. ಪಕ್ಕಾಸಿನಲ್ಲಿ ಈಗ ಯಾವ ಉಪಯೋಗಕ್ಕೂ ಇಲ್ಲದ ತೂತುಗಳು, ಹಗ್ಗ ಉಜ್ಜಿದ ಸವಕಲು ಗುರುತುಗಳು ಕಂಡರೆ, ನಿಮ್ಮ ಮರ ಹಂಚಿಗಿಂತ ಹಳೆಯದು ಎಂದರ್ಥ. ಬಡಗಿಯವರು ಹೊಸ ಮರ ಹಾಕುವ ಉಮೇದಿನಲ್ಲಿ ಅಂಥ ಪಕ್ಕಾಸನ್ನು ಮೊದಲು ಕಿತ್ತುಹಾಕುತ್ತಾರೆ, ಯಾಕೆಂದರೆ ಅದು ನೋಡಲು ಚಂದವಿರುವುದಿಲ್ಲ. ಆದರೆ ಮನೆಯ ಅತ್ಯಂತ ಹಳೆಯ ದಾಖಲೆ ಬಹುಶಃ ಅದೇ.

ಇನ್ನು ಗೋಡೆ. ಮುರಕಲ್ಲನ್ನು ಲ್ಯಾಟರೈಟ್ ಎಂದು ಜಗತ್ತು ಕರೆಯುವುದಕ್ಕೆ ಕಾರಣನಾದ ಫ್ರಾನ್ಸಿಸ್ ಬುಕನನ್ 1800–1801ರಲ್ಲಿ ಮೈಸೂರು, ಮಲಬಾರು ಮತ್ತು ಕೆನರಾಗಳಲ್ಲಿ ಸಂಚರಿಸಿದವನು. ನೆಲದೊಳಗೆ ಮೆತ್ತಗಿದ್ದು ಸುಲಭವಾಗಿ ಕಡಿಯಲು ಬರುವ ಈ ಕಲ್ಲು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ ಎಂಬುದನ್ನು ಆತ ಆಗಲೇ ಬರೆದಿಟ್ಟಿದ್ದಾನೆ. ಈ ಗುಣವನ್ನು ನಮ್ಮ ಕಲ್ಲಿನ ಕೆಲಸದವರು ಆತನಿಗಿಂತ ಎಷ್ಟೋ ಮೊದಲು ತಿಳಿದಿದ್ದರು. ನಿಮ್ಮ ಗೋಡೆಯಲ್ಲಿ ಗಾರೆ ಉದುರಿದ ಜಾಗಗಳನ್ನು ಸಂಜೆಯ ಓರೆ ಬೆಳಕಿನಲ್ಲಿ ನೋಡಿ. ಕೈಯಿಂದ ಕಡಿದ ಕಲ್ಲಿನ ಮೇಲೆ ಉಪಕರಣದ ಓರೆ ಗೆರೆಗಳು ಅಂಕುಡೊಂಕಾಗಿರುತ್ತವೆ, ಕಲ್ಲಿನ ಗಾತ್ರವೂ ಹೆಚ್ಚುಕಡಿಮೆ. ಯಂತ್ರದಿಂದ ಕೊಯ್ದ ಕಲ್ಲಿನ ಮೇಲೆ ಚಕ್ರದ ಬ್ಲೇಡಿನ ಸಮಾನ ಗೀರುಗಳಿರುತ್ತವೆ, ಅಂಚುಗಳು ಚಾಕುವಿನಂತೆ ನೇರ. ಹಾಗೆಯೇ ಎರಡು ಗೋಡೆಗಳು ಸೇರುವಲ್ಲಿ ಕಲ್ಲುಗಳು ಒಂದರೊಳಗೊಂದು ಹಲ್ಲು ಕಚ್ಚಿಕೊಂಡಿವೆಯೇ, ಅಥವಾ ನೆಲದಿಂದ ಮಾಡಿನವರೆಗೆ ನೇರ ಸಂದು ಇದೆಯೇ ಎಂದು ಪರೀಕ್ಷಿಸಿ. ನೇರ ಸಂದು ಇದ್ದರೆ ಒಂದು ಗೋಡೆ ಇನ್ನೊಂದಕ್ಕೆ ಆಮೇಲೆ ಬಂದು ಆತುಕೊಂಡಿದೆ. ಕೆಡವಲು ಹೇಳುವ ಇಂಜಿನಿಯರು ಸಾಮಾನ್ಯವಾಗಿ ತೋರಿಸುವ ದೊಡ್ಡ ಬಿರುಕು ಇಂಥ ಸಂದೇ ಆಗಿರುವ ಸಾಧ್ಯತೆ ಬಹಳ. ಎರಡು ಕಾಲದ ಗೋಡೆಗಳು ಬೇರೆ ಬೇರೆಯಾಗಿ ಕುಸಿದು ಕುಳಿತಿರುತ್ತವೆ. ಹಾಗಿದ್ದರೆ ಅದಕ್ಕೆ ಮದ್ದು ಗೋಡೆಗಳನ್ನು ಒಂದಕ್ಕೊಂದು ಹೆಣೆಯುವುದು. ಮನೆ ಬೀಳುವ ಭಯಕ್ಕೆ ಅಲ್ಲಿ ಕಾರಣವಿಲ್ಲ. ನಿಮ್ಮ ಚರಿತ್ರೆಯ ಖರ್ಚು ಈ ಒಂದು ವಿಷಯದಲ್ಲೇ ಮರಳಿ ಬಂದರೂ ಆಶ್ಚರ್ಯವಿಲ್ಲ.

ನಡುವಿನ ಗೋಡೆಗಳು ಯಾಕೆ ಬಂದವು ಎಂಬುದಕ್ಕೆ ಕಲ್ಲಿಗಿಂತ ಕಾಗದ ಹೆಚ್ಚು ಹೇಳುತ್ತದೆ. ಕಾಸರಗೋಡು 1799ರ ನಂತರ ಬ್ರಿಟಿಷರ ಕೆನರಾ ಜಿಲ್ಲೆಗೂ, ಜಿಲ್ಲೆ ಎರಡಾದ ಮೇಲೆ 1956ರ ಅಕ್ಟೋಬರ್ ಕೊನೆಯವರೆಗೆ ದಕ್ಷಿಣ ಕನ್ನಡಕ್ಕೂ ಸೇರಿತ್ತು; ಆಮೇಲೆ ಕೇರಳಕ್ಕೆ ಹೋಯಿತು. ಆದ್ದರಿಂದ ನಿಮ್ಮ ಮನೆಯ ಹಳೆಯ ಅಡಂಗಲ್ (ಜಮೀನಿನ ಕಂದಾಯ ದಾಖಲೆ), ಮೂಲಗೇಣಿ (ಶಾಶ್ವತ ಗೇಣಿ) ಮತ್ತು ಚಾಲಗೇಣಿ (ವರ್ಷವರ್ಷದ ಗೇಣಿ) ಚೀಟುಗಳು, ಪಾಲುಪಟ್ಟಿಗಳು ಕನ್ನಡದಲ್ಲಿಯೂ, ಆಮೇಲಿನವು ಮಲಯಾಳ ಅಥವಾ ಇಂಗ್ಲಿಷಿನಲ್ಲಿಯೂ ಇರುವ ಸಾಧ್ಯತೆಯೇ ಹೆಚ್ಚು. ಹೊಸ ತಲೆಮಾರಿನ ಮಕ್ಕಳು ಮಲಯಾಳ ಮಾತ್ರ ಓದಬಲ್ಲವರಾದರೆ ಪೆಟ್ಟಿಗೆಯ ಅರ್ಧ ಕಾಗದ ಅವರಿಗೆ ಮೂಕವಾಗುತ್ತದೆ. ಈ ಗಡಿನಾಡಿನಲ್ಲಿ ಅದೂ ಒಂದು ಕಷ್ಟ. ಹಳೆ ಕೈಬರಹ ಓದಬಲ್ಲ ಹಿರಿಯರೊಬ್ಬರನ್ನು ಕೂರಿಸಿಕೊಂಡು ಮೊದಲು ಪಾಲುಪಟ್ಟಿಗಳನ್ನು ಓದಿಸಿ. ‘ಪಡುವಣ ಕೋಣೆ, ಅದಕ್ಕೆ ತಾಗಿದ ಅಟ್ಟ, ಬಾವಿಗೆ ಹೋಗುವ ದಾರಿಯ ಹಕ್ಕು’ ಎಂಬ ಧಾಟಿಯ ವಿವರಗಳು ಅಲ್ಲಿ ಸಿಗುತ್ತವೆ. ಅವು ಬಹುಮಟ್ಟಿಗೆ ಆ ಕಾಲದ ಮನೆಯ ನಕ್ಷೆಯೇ. ಮದ್ರಾಸ್ ಪ್ರೆಸಿಡೆನ್ಸಿಯ ಕಾಲದ ಜಿಲ್ಲಾಮಟ್ಟದ ದಾಖಲೆಗಳಿಗೆ ಚೆನ್ನೈಯ ಎಗ್ಮೋರಿನ ರಾಜ್ಯ ಪತ್ರಾಗಾರವಿದೆ. ಕರಾವಳಿಯ ಹಳೆಯ ಮನೆ, ಬೀದಿ, ಕಾರ್ಖಾನೆಗಳ ಛಾಯಾಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಸಂಗ್ರಹದಲ್ಲಿದ್ದು, ಅಂತರ್ಜಾಲದಲ್ಲಿಯೇ ನೋಡಲು ಸಿಗುತ್ತವೆ. ನಿಮ್ಮ ಮನೆಯ ಚಿತ್ರ ಅಲ್ಲಿರುವ ಸಂಭವ ಕಡಿಮೆ. ಆದರೆ ಹುಲ್ಲಿನ ಮಾಡಿನ ಇಳಿಜಾರು, ಜಗಲಿಯ ಎತ್ತರ, ಕಂಬದ ಅಂತರ ಹೇಗಿತ್ತೆಂದು ತಿಳಿಯಲು ಇತರ ಮನೆಗಳ ಚಿತ್ರಗಳೂ ಸಾಕು.

ಕಾಗದದ ಜೊತೆ ಎರಡು ಕಾನೂನುಗಳನ್ನು ಇಟ್ಟು ನೋಡಿ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತು. ಗೇಣಿಯ ಭತ್ತ ಬರುವುದು ನಿಂತ ಮೇಲೆ ಪತ್ತಾಯ (ಭತ್ತ ತುಂಬಿಡುವ ಕಣಜ), ಅದಕ್ಕೆಂದೇ ಇದ್ದ ಕತ್ತಲ ಕೋಣೆ, ಭತ್ತ ಅಳೆಯುತ್ತಿದ್ದ ಅಂಗಳ ಎಲ್ಲವೂ ಕೆಲಸ ಕಳೆದುಕೊಂಡವು. 1975ರಲ್ಲಿ ಬಂದ ಇನ್ನೊಂದು ಕಾನೂನು ಅವಿಭಕ್ತ ಕುಟುಂಬ ಪದ್ಧತಿಯನ್ನು, ಅದರೊಂದಿಗೆ ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಕೂಡುಕುಟುಂಬವನ್ನೂ, ಕೊನೆಗೊಳಿಸಿತು. ಚಾವಡಿಯನ್ನು ಅಡ್ಡವಾಗಿ ಸೀಳಿದ ಸಿಮೆಂಟು ಗೋಡೆ, ಒಂದೇ ಮನೆಗೆ ಎರಡು ಅಡುಗೆಕೋಣೆ ಇಂಥ ಮಾರ್ಪಾಟುಗಳು ನಿಮ್ಮಲ್ಲಿದ್ದರೆ ಅವು ಆ ದಶಕಗಳವು ಇರಬಹುದು. ಕಾರಣ ತೀರಿಹೋದ ಗೋಡೆಯನ್ನು ನೀವು ನಿಶ್ಚಿಂತೆಯಿಂದ ತೆಗೆಯಬಹುದು, ಅದು ಭಾರ ಹೊರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು. ಗ್ರಂಥಾಲಯಕ್ಕೂ ತಾಳಮದ್ದಳೆಗೂ ಬೇಕಾದ ವಿಶಾಲ ಚಾವಡಿ ಮರಳಿ ಸಿಗುವುದು ಹೀಗೆ. ಹೊಸ ಹಾಲ್ ಕಟ್ಟುವ ಪ್ರಶ್ನೆಯೇ ಆಗ ಏಳುವುದಿಲ್ಲ.

ಹಾಗಾದರೆ ಎಲ್ಲವನ್ನೂ ‘ಮೂಲ ಸ್ಥಿತಿ’ಗೆ ತರಬೇಕೇ ಎಂದು ಕೇಳಬಹುದು. ಬೇಡ. ಮೂಲ ಎಂದರೆ ಯಾವುದು? ಹುಲ್ಲಿನ ಮಾಡೇ? ಪಾರಂಪರಿಕ ಕಟ್ಟಡಗಳ ರಕ್ಷಣೆ ಕುರಿತ 1964ರ ವೆನಿಸ್ ಸನ್ನದು ಎರಡು ಮಾತುಗಳನ್ನು ಸ್ಪಷ್ಟವಾಗಿ ಹೇಳುತ್ತದೆ: ಊಹೆ ಆರಂಭವಾಗುವಲ್ಲಿ ಪುನರುಜ್ಜೀವನದ ಕೆಲಸ ನಿಲ್ಲಬೇಕು, ಹೊಸದಾಗಿ ಸೇರಿಸಿದ್ದು ಹಳೆಯದರೊಂದಿಗೆ ಹೊಂದಿಕೊಂಡರೂ ಹೊಸದೆಂದು ಗುರುತಿಸುವಂತಿರಬೇಕು. ಇಟಲಿಯ ವೆರೋನಾದ ಕಾಸ್ಟೆಲ್‌ವೆಕ್ಕಿಯೋ ಕೋಟೆಯ ಉದಾಹರಣೆ ಇಲ್ಲಿ ಉಪಯುಕ್ತ. 1920ರ ದಶಕದಲ್ಲಿ ಅದನ್ನು ವಸ್ತುಸಂಗ್ರಹಾಲಯ ಮಾಡಿದವರು ಅಲ್ಲಿದ್ದ ಸೈನಿಕರ ವಸತಿ ಕಟ್ಟಡಕ್ಕೆ ಬೇರೆ ಕಡೆಯ ಹಳೆ ಕಿಟಕಿ, ಕಮಾನುಗಳನ್ನು ತಂದು ಜೋಡಿಸಿ ಮಧ್ಯಯುಗದ ಅರಮನೆಯಂತೆ ಕಾಣಿಸಿದರು. ಅದು ಆ ಕಾಲದ ‘ಹೆರಿಟೇಜ್ ಲುಕ್’. 1950ರ ದಶಕದ ಕೊನೆಯಲ್ಲಿ ವಾಸ್ತುಶಿಲ್ಪಿ ಕಾರ್ಲೊ ಸ್ಕಾರ್ಪಾ ಕೆಲಸ ಕೈಗೆತ್ತಿಕೊಂಡಾಗ ಕೋಟೆಯ ಪದರಗಳನ್ನು ಅಧ್ಯಯನ ಮಾಡಿ, ಹಳೆಯ ಗೋಡೆಗಳು ಬೇರೆಬೇರೆಯಾಗಿ ಕಾಣುವಂತೆ ಒಂದು ಭಾಗವನ್ನೇ ತೆಗೆದು ಎಡೆ ಬಿಟ್ಟರು. ತಾವು ಸೇರಿಸಿದ ಉಕ್ಕು, ಕಾಂಕ್ರೀಟು, ಮರವನ್ನು ಮುಚ್ಚಿಡದೆ ತೋರಿಸಿದರು. ನಿಮ್ಮ ಮನೆ ಕೋಟೆಯಲ್ಲ. ಆದರೂ ನೀತಿ ಅದೇ ಇರಬಹುದು: ನಿಮ್ಮಲ್ಲಿ ನಾಲ್ಕು ತಲೆಮಾರುಗಳ ಪದರಗಳಿವೆ, ಅವುಗಳಲ್ಲಿ ಒಂದನ್ನು ಆರಿಸಿ ಉಳಿದವನ್ನು ಅಳಿಸುವುದು ಬೇಡ.

ಈಗ ಹೋಂಸ್ಟೇ ಕೋಣೆಗಳ ವಿಷಯ. ಹಳೆಯ ಮನೆ ಹಾಳಾಗುವುದು ಹೆಚ್ಚಾಗಿ ಇಲ್ಲಿಂದಲೇ. ಅತಿಥಿಗಳಿಗೆ ಕೋಣೆಗೆ ತಾಗಿದ ಬಚ್ಚಲು ಬೇಕೆಂದು ಮಣ್ಣಿನ ಗಾರೆಯಲ್ಲಿ ಕಟ್ಟಿದ ಮುರಕಲ್ಲಿನ ಗೋಡೆಯನ್ನು ಕೊರೆದು ಪೈಪು ಹಾಕುತ್ತಾರೆ. ಒಂದು ಸಂಧಿ ಸೋರಿದರೆ ಒಳಗಿನ ಮಣ್ಣು ಕರಗಿ ಗೋಡೆ ಹೊಟ್ಟೆ ಬಿಡುತ್ತದೆ. ನಮ್ಮ ಹಿರಿಯರು ಬಚ್ಚಲುಕೊಟ್ಟಿಗೆಯನ್ನು ಮನೆಯಿಂದ ಪ್ರತ್ಯೇಕವಾಗಿ, ಬಾವಿಯ ಅಥವಾ ಸುರಂಗದ ನೀರು ಬರುವ ಕಡೆ ಇಟ್ಟದ್ದು ಮಡಿಮೈಲಿಗೆಯ ಕಾರಣಕ್ಕೆ ಮಾತ್ರವಲ್ಲ. ನೀರಿನ ಕೆಲಸ ಮೂಲ ಗೋಡೆಗೆ ತಾಗದಂತೆ ನೋಡಿಕೊಂಡಿದ್ದರು. ಹಳೆಯ ಬಚ್ಚಲಿನ ಪಂಚಾಂಗ ಎಲ್ಲಿದೆಯೆಂದು ಹುಡುಕಿ, ಅಲ್ಲಿಯೇ ಹೊಸ ಸ್ನಾನಗೃಹಗಳನ್ನು ಈ ಕಾಲದ ಸಾಮಗ್ರಿಯಲ್ಲಿ ಕಟ್ಟಿ, ಮಾಡು ಹೊದೆಸಿದ ಚಿಕ್ಕ ಓಣಿಯಿಂದ ಕೋಣೆಗಳಿಗೆ ಸೇರಿಸಿ. ಕಾಂಕ್ರೀಟು ಬಳಸಲು ಆಸೆಯಿದ್ದರೆ ಅಲ್ಲಿ ಧಾರಾಳವಾಗಿ ಬಳಸಿ. ಅದಕ್ಕೆ ಸುಳ್ಳು ಕಂಬ, ಸಿಮೆಂಟಿನ ಕೆತ್ತನೆ ಅಂಟಿಸುವುದು ಮಾತ್ರ ಬೇಡ.

ಗೋಡೆಯ ಕೆಳಭಾಗದಲ್ಲಿ ಸಿಮೆಂಟು ಗಾರೆ ಉಬ್ಬಿ ಉದುರುತ್ತಿದೆಯೇ? ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ ಮುರಕಲ್ಲು ನೆಲದಿಂದ ತೇವ ಎಳೆಯುವುದು ಸಹಜ. ಸುಣ್ಣದ ಗಾರೆ ಆ ತೇವವನ್ನು ಆವಿಯಾಗಿ ಹೊರಬಿಡುತ್ತದೆ, ಸಿಮೆಂಟು ತಡೆಹಿಡಿಯುತ್ತದೆ. ಹೀಗೆ ತಡೆದ ನೀರು ಮೇಲಕ್ಕೇರಿ ಇನ್ನಷ್ಟು ಗೋಡೆಯನ್ನು ಕೆಡಿಸುತ್ತದೆ. ಆದ್ದರಿಂದ ಸಿಮೆಂಟನ್ನು ಜಾಗ್ರತೆಯಿಂದ ಕಿತ್ತು, ಗೋಡೆ ಒಂದು ಬೇಸಿಗೆ ಒಣಗಲು ಬಿಟ್ಟು, ಸುಣ್ಣ ಮತ್ತು ಮರಳಿನ ಗಾರೆ ಹಾಕಿಸಿ. ಪುಸ್ತಕದ ಕಪಾಟುಗಳನ್ನು ಹೊರಗೋಡೆಗೆ ತಾಗಿಸಬೇಡಿ. ಗಾಳಿಯಾಡಲು ಎಡೆ ಇಲ್ಲದಿದ್ದರೆ ಮಳೆಗಾಲದ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಪುಸ್ತಕಗಳಿಗೆ ಬೂಸಲು ಬರುತ್ತದೆ. ಅಟ್ಟದ ಮೇಲೆ ಪುಸ್ತಕ ಬೇಡವೇ ಬೇಡ. ಹಿಂದೆ ಒಲೆಯ ಹೊಗೆ ಅಟ್ಟಕ್ಕೇರಿ ಮರವನ್ನು ಹುಳುಗಳಿಂದ ಕಾಯುತ್ತಿತ್ತು. ಗ್ಯಾಸು ಬಂದ ಮೇಲೆ ಆ ರಕ್ಷಣೆ ಹೋಯಿತು. ಆದ್ದರಿಂದ ಜಂತಿಗಳ ತುದಿಗಳನ್ನು, ಮುಖ್ಯವಾಗಿ ಗೋಡೆಯೊಳಗೆ ಹುದುಗಿದ ಭಾಗವನ್ನು, ಗೆದ್ದಲು ಮತ್ತು ಕುಟ್ಟೆಹುಳುವಿಗಾಗಿ ಒಂದೊಂದಾಗಿ ತಟ್ಟಿ ನೋಡಬೇಕು.

ಇನ್ನೊಂದು ಸಂಗತಿಯನ್ನು ನೀವು ಕೇಳಿಲ್ಲ, ಆದರೂ ಹೇಳಬೇಕಾಗಿದೆ. ಮನೆಯ ಚರಿತ್ರೆ ಕೇಳಲು ಕುಟುಂಬದ ಹಿರಿಯರ ಬಳಿ ಮಾತ್ರ ಹೋಗಬೇಡಿ. ತೋಟದಲ್ಲಿ ದುಡಿದವರನ್ನು, ಗೇಣಿ ತಂದವರನ್ನು, ಅವರ ಮಕ್ಕಳನ್ನು ಕೇಳಿ. ಮನೆಯ ಹೆಂಗಸರನ್ನೂ ಕೇಳಿ. ಜಗಲಿಯವರೆಗೆ ಯಾರು ಬರುತ್ತಿದ್ದರು, ಅಂಗಳದ ಅಂಚಿನಲ್ಲೇ ಯಾರು ನಿಲ್ಲಬೇಕಿತ್ತು, ಹಿಂಬಾಗಿಲು ಯಾರ ದಾರಿಯಾಗಿತ್ತು ಎಂಬುದು ಅವರಿಗೆ ನೆನಪಿರುತ್ತದೆ. ಊರಿನ ಗ್ರಂಥಾಲಯವೆಂದ ಮೇಲೆ ಈ ಗೆರೆಗಳು ನಕ್ಷೆಯಲ್ಲಿ ಉಳಿಯಬಾರದು. ಜಾಗ ಉಳಿತಾಯವಾಗುತ್ತದೆಂದು ಗ್ರಂಥಾಲಯಕ್ಕೆ ಕೊಟ್ಟಿಗೆಯ ಕಡೆಯಿಂದ ದಾರಿ ಕೊಟ್ಟರೆ, ಅಂಗಳದಾಚೆ ನಿಂತವರ ಮೊಮ್ಮಕ್ಕಳಿಗೆ ಅದರ ಅರ್ಥ ತಕ್ಷಣ ತಿಳಿಯುತ್ತದೆ. ಹೆಬ್ಬಾಗಿಲಿನಿಂದಲೇ, ಜಗಲಿ ದಾಟಿ, ಚಾವಡಿಗೇ ದಾರಿ ಕೊಡಿ. ಮೆಟ್ಟಿಲಿನ ಪಕ್ಕ ಗಾಲಿಕುರ್ಚಿಗೆ ಇಳಿಜಾರು ಮಾಡಿಸಿ. ಹಾಗೆಯೇ ದೈವದ ಕೋಣೆಯಲ್ಲಿ ತಂಬಿಲ (ದೈವಕ್ಕೆ ಸಲ್ಲಿಸುವ ಸೇವೆ) ಈಗಲೂ ನಡೆಯುತ್ತಿದ್ದರೆ ಅದನ್ನು ಅತಿಥಿಗಳಿಗೆ ತೋರಿಸುವ ವಸ್ತುವಾಗಿಸಬೇಡಿ. ಆ ಕೋಣೆಯ ಕೆಲಸ ಮುಗಿದಿಲ್ಲ, ಹಾಗಾಗಿ ಅದಕ್ಕೆ ಹೊಸ ಕೆಲಸ ಹುಡುಕುವ ಅಗತ್ಯವೂ ಇಲ್ಲ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ನೋಡಿ ಬನ್ನಿ ಎಂದು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಖಂಡಿತ ಹೋಗಿ. ಬೇರೆಡೆ ನಾಶವಾಗಲಿದ್ದ ಮನೆಗಳನ್ನು ಬಿಚ್ಚಿ ತಂದು ಮರಳಿ ನಿಲ್ಲಿಸಿದ ಆ ಸಾಹಸದಲ್ಲಿ ಮರದ ಜೋಡಣೆ, ಬಾಗಿಲಿನ ಅಳತೆಗಳ ಬಗ್ಗೆ ಕಲಿಯಲು ಬೇಕಾದಷ್ಟಿದೆ. ಆದರೆ ಅದು ವಸ್ತುಸಂಗ್ರಹಾಲಯ. ನಿಮ್ಮ ಮನೆ ತನ್ನ ನೆಲದಲ್ಲೇ ನಿಂತಿದೆ, ಊರಿನವರು ದಿನಾ ಬಳಸಲಿದ್ದಾರೆ. ಬಳಕೆಯ ದೃಷ್ಟಿಯಿಂದ ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈ ಅವರ ಮನೆ ಸ್ಮಾರಕವಾಗಿರುವುದನ್ನೂ, ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸಿನ ಹಳೆ ವ್ಯಾಪಾರಿ ಕಟ್ಟಡಗಳು 2012ರಿಂದ ಬಿಯೆನಾಲೆಯ ಕಲಾಪ್ರದರ್ಶನಕ್ಕೆ ಒದಗಿದ್ದನ್ನೂ ನೋಡಿದರೆ ಹೆಚ್ಚು ಉಪಯೋಗವಾದೀತು. ಎರಡನೆಯದರಲ್ಲಿ ವಿಶಾಲ ಗೋದಾಮುಗಳಿಗೆ ವಿಶಾಲ ಜಾಗ ಬೇಡುವ ಕೆಲಸವನ್ನೇ ಕೊಟ್ಟಿದ್ದಾರೆ. ಗೋಡೆಗಳನ್ನು ಹೊಸದರಂತೆ ತಿದ್ದಲು ಹೋಗಿಲ್ಲ.

ಕೆಲಸದ ಕ್ರಮವನ್ನು ಮಳೆಗಾಲ ನಿರ್ಧರಿಸಲಿ. ಈ ಮಳೆಗಾಲದಲ್ಲಿ ಏನನ್ನೂ ಬಿಚ್ಚದೆ, ಎಲ್ಲಿ ಸೋರುತ್ತದೆ, ಅಂಗಳದ ನೀರು ಎತ್ತ ಹರಿಯುತ್ತದೆ, ಯಾವ ಗೋಡೆ ಎಷ್ಟು ಎತ್ತರಕ್ಕೆ ತೇವವಾಗುತ್ತದೆ ಎಂದು ತಾರೀಖು ಹಾಕಿ ಬರೆದಿಡಿ, ಫೋಟೊ ತೆಗೆದಿಡಿ. ಅದೇ ಅವಧಿಯಲ್ಲಿ ಕಾಗದಪತ್ರ ಓದಿಸಿ, ಹಿರಿಯರ ಮಾತುಗಳನ್ನು ದಾಖಲಿಸಿ. ಆಮೇಲೆ ಮನೆಯ ಅಳತೆ ನಕ್ಷೆ ಮಾಡಿಸಿ, ಅದರ ಮೇಲೆ ಪ್ರತಿ ಗೋಡೆಗೂ ಅದರ ಕಾಲದ ಬಣ್ಣ ಹಚ್ಚಿ. ಈ ಬಣ್ಣದ ನಕ್ಷೆಯನ್ನು ಮುಂದಿಟ್ಟು ಪಂಚಾಯತಿನ ಅನುಮತಿಯ ಕೆಲಸ ಆರಂಭಿಸಿ. ಇಂಜಿನಿಯರರನ್ನು ಗೊತ್ತುಮಾಡುವುದೂ ಆಗಲೇ. ಮಾಡು ಬಿಚ್ಚುವುದು, ಸುಣ್ಣದ ಗಾರೆ ಇವೆಲ್ಲ ದೀಪಾವಳಿ ಕಳೆದ ಮೇಲಿನ ಕೆಲಸ.

ಕೊನೆಯದಾಗಿ ಸುರಂಗ. ದಯವಿಟ್ಟು ಮುಚ್ಚಬೇಡಿ. ಪಡ್ರೆ, ಬಾಯಾರು ಸುತ್ತಿನಂತೆ ನಿಮ್ಮ ಕಡೆಯೂ ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಈ ಸುರಂಗಗಳು ಪಂಪಿಲ್ಲದೆ ಮನೆಗೂ ತೋಟಕ್ಕೂ ನೀರು ಕೊಟ್ಟಿವೆ. ಅದಲ್ಲದೆ ಗುಡ್ಡದ ಒಡಲಿನ ನೀರಿಗೆ ಅದು ನೂರಾರು ಮಳೆಗಾಲದಿಂದಲ್ಲದಿದ್ದರೂ ಹಲವು ದಶಕಗಳಿಂದ ರೂಢಿಯಾದ ದಾರಿ. ಬಾಯಿ ಕಟ್ಟಿದರೆ ಆ ನೀರು ಬೇರೆ ದಾರಿ ಹುಡುಕುತ್ತದೆ, ಮತ್ತು ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತ ನಿಮ್ಮ ಹಿಂಭಾಗದ ಗೋಡೆಯ ಬುಡವೇ ಆ ದಾರಿಯಾಗಬಹುದು. ಸುರಂಗ ತೋಡಿದ ಅನುಭವವಿರುವವರು ನಮ್ಮ ಊರುಗಳಲ್ಲಿ ಈಗಲೂ ಕೆಲವರಿದ್ದಾರೆ. ಅವರಿಂದ ಒಳಗೆ ಕುಸಿತವಿದೆಯೇ ಎಂದು ನೋಡಿಸಿ, ಹೂಳು ತೆಗೆಸಿ, ಬಾಯಿಗೆ ಸರಳಿನ ಬಾಗಿಲು ಹಾಕಿಸಿ. ಒಳಗೆ ಗಾಳಿ ಕಡಿಮೆಯಿರುವುದರಿಂದ ಅತಿಥಿಗಳನ್ನು ಅದರೊಳಗೆ ಕಳುಹಿಸಬಾರದು. ಹೊರಬರುವ ನೀರನ್ನು ಕುಡಿಯಲು ಬಳಸುವುದಾದರೆ ಮೊದಲು ಪರೀಕ್ಷೆ ಮಾಡಿಸಿ. ಇಲ್ಲವಾದರೆ ಹೊಸ ಸ್ನಾನಗೃಹದ ಟ್ಯಾಂಕಿಗೆ ತಿರುಗಿಸಿಕೊಳ್ಳಬಹುದು, ಇಳಿಜಾರು ಅನುಕೂಲವಾಗಿದ್ದರೆ ಅದಕ್ಕೂ ಪಂಪು ಬೇಕಾಗುವುದಿಲ್ಲ.